ಒಂದು ದೇರಣ್ಣನಿಗೆ, ಒಂದು ನನಗೆ

ಮೂವತ್ತೈದು ವರ್ಷಗಳಿಂದ ನಾನು ಪುತ್ತೂರಿನಲ್ಲಿ ಕೂತು ದಸ್ತಾವೇಜು ಬರೆಯುತ್ತಿದ್ದೇನೆ. ನನಗೂ ಒಂದು ಹೆಸರಿದೆ, ಆದರೆ ಅದು ಆಧಾರ್ ಕಾರ್ಡಿನಲ್ಲಿ ಮಾತ್ರ ಬಳಕೆಯಲ್ಲಿದೆ. ಊರಿನವರಿಗೆಲ್ಲ ನಾನು 'ರೈಟ್ರು'. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವೀಲುನಾಮೆ, ಹೀಗೆ ನಾನು ಬರೆದ ಸಾವಿರಾರು ಕಾಗದಗಳಲ್ಲಿ ಒಂದೇ ಒಂದು ಶಬ್ದಕ್ಕೂ ಯಾರೂ ಎರಡು ಅರ್ಥ ಮಾಡಿದ್ದಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತಿದ್ದೆ. ಕಳೆದ ಭಾನುವಾರದವರೆಗೆ ಹೇಳುತ್ತಿದ್ದೆ.

ಬರೆಯಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ನಮ್ಮೂರಿನ ಪಗರಿ ಬಳಗದ ಕಾರ್ಯದರ್ಶಿಯೂ ಆಗಿದ್ದೇನೆ. ಪಗರಿ ಎಂದರೆ ತುಳುವಿನಲ್ಲಿ ಬಾಣ. ಕುಂಬ್ರದಿಂದ ಸ್ವಲ್ಪ ಒಳಗೆ ಇರುವ ನಮ್ಮ ಊರಿನಲ್ಲಿ ಭಾನುವಾರ ಊಟ ಮಾಡಿ ಮಲಗುವುದನ್ನು ಬಿಟ್ಟು ಬಿಲ್ಲು ಹಿಡಿದುಕೊಂಡು ಮೈದಾನಕ್ಕೆ ಹೋಗುವ ಹದಿನೆಂಟು ಜನರಿದ್ದೇವೆ. ಇದ್ದೆವು. ಈಗ ಹದಿನೇಳು. ಸದರಿ ಮೈದಾನದ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಪಂಚಾಯತ್ ರಸ್ತೆ, ಪಶ್ಚಿಮಕ್ಕೆ ನೀರು ಹರಿಯುವ ತೋಡು, ಉತ್ತರಕ್ಕೆ ರಬ್ಬರ್ ಮರಗಳು, ದಕ್ಷಿಣಕ್ಕೆ ನಮ್ಮ ಅಧ್ಯಕ್ಷರಾದ ಹಸನಾಕನ ಗೋದಾಮು.

ಈ ಬಳಗದ ಇತಿಹಾಸವನ್ನು ಬರೆದವನೂ ನಾನೇ. ಅಜ್ಜಂದಿರ ಕಾಲದಲ್ಲಿ ಮೂವರು ಸೇರಿ ಇದನ್ನು ಶುರುಮಾಡಿದರು. ಒಬ್ಬರು ಗದ್ದೆಯ ಯಜಮಾನರು, ಒಬ್ಬರು ಹಸನಾಕನ ಅಜ್ಜ, ಇನ್ನೊಬ್ಬರು ಸಂಪಾಜೆ ಕಡೆಯಿಂದ ವರ್ಗವಾಗಿ ಬಂದ ಪೋಸ್ಟ್‌ಮ್ಯಾನ್. ತೆಂಗಿನ ಮರಕ್ಕೆ ಬರುವ ಮಂಗಗಳನ್ನು ಓಡಿಸುವುದು ಮೂಲ ಉದ್ದೇಶ. ಕೋವಿಗೆ ಲೈಸೆನ್ಸ್ ಇರಲಿಲ್ಲವಾದ್ದರಿಂದ ಬಿದಿರಿನ ಬಿಲ್ಲು. ಮೂರು ವರ್ಷ ಹೊಡೆದರೂ ಒಂದು ಮಂಗಕ್ಕೂ ತಾಗಲಿಲ್ಲ. ಕೊನೆಕೊನೆಗೆ ಮಂಗಗಳು ಮರದ ಮೇಲೆ ಸಾಲಾಗಿ ಕೂತು ಇವರ ಆಟ ನೋಡುತ್ತಿದ್ದವಂತೆ. ಆಗ ಮೂವರೂ ಮಂಗಗಳನ್ನು ಬಿಟ್ಟು ಬಾಳೆದಿಂಡಿಗೆ ಹೊಡೆಯಲು ಶುರುಮಾಡಿದರು, ಬಳಗವಾಯಿತು. ಇತಿಹಾಸದಲ್ಲಿ ನಾನು ಇದನ್ನು 'ಸ್ಥಾಪಕರು ವನ್ಯಜೀವಿಗಳೊಂದಿಗೆ ಸೌಹಾರ್ದದಿಂದಿದ್ದರು' ಎಂದು ದಾಖಲಿಸಿದ್ದೇನೆ.

ಅವರು ಮಾಡಿಟ್ಟ ಕ್ರಮಗಳನ್ನು ನಾವು ಇಂದಿಗೂ ತಪ್ಪದೆ ಪಾಲಿಸುತ್ತೇವೆ. ಬಿಲ್ಲು ಹಿಡಿಯುವಾಗ ಕಾಲಲ್ಲಿ ಚಪ್ಪಲಿ ಇರಬಾರದು. ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು; ಅವನ ಬಾಣವನ್ನು ಇವನು, ಇವನ ಬಾಣವನ್ನು ಅವನು ಹೆಕ್ಕಿ ತರಬೇಕು. ಎಲ್ಲಕ್ಕಿಂತ ದೊಡ್ಡ ಕ್ರಮವೆಂದರೆ, ಒಂದು ಬಾಣ ಕಾಣೆಯಾದರೆ ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಹುಲ್ಲಿನೊಳಗೆ ಬಿದ್ದ ಕಬ್ಬಿಣದ ಮೊನೆ ಮರುದಿನ ಹುಲ್ಲು ಕೊಯ್ಯಲು ಬರುವವರ ಬರಿಗಾಲಿಗೆ ಚುಚ್ಚಬಾರದಲ್ಲ, ಅದಕ್ಕೆ.

ಈ ಕ್ರಮದಿಂದ ಬಳಗದವರಿಗೆ ಅತಿಹೆಚ್ಚು ಕಷ್ಟ ಕೊಟ್ಟವನು ನಾನು ಎಂಬ ಒಂದು ಅಪವಾದ ಇದೆ. ನನ್ನ ಬಾಣಗಳು ಸ್ವಲ್ಪ ಸ್ವತಂತ್ರ ಸ್ವಭಾವದವು. ಅವುಗಳನ್ನು ಹುಡುಕುತ್ತ ಹುಡುಕುತ್ತ ಬಳಗದವರಿಗೆ ಎರಡು ತೆಂಗಿನಕಾಯಿ, ಯಾರದೋ ಕನ್ನಡಕ, ಒಮ್ಮೆ ಒಂದು ಜೇನುಗೂಡು ಸಿಕ್ಕಿದ್ದುಂಟು. ಟಾರ್ಚ್ ಹಿಡಿದು ಮನೆಗೆ ಹೋದದ್ದೂ ಉಂಟು. ಆದರೆ ಅದೆಲ್ಲ ಹಳೆಯ ಕಥೆ. ಕಾರ್ಯದರ್ಶಿಯಾದ ಮೇಲೆ ನಾನು ಬಿಲ್ಲು ಮುಟ್ಟುವುದನ್ನು ಬಿಟ್ಟು ವರದಿ ಬರೆಯುವುದಕ್ಕೇ ನಿಂತೆ, ಬಳಗದವರೂ ನನ್ನನ್ನು ಒತ್ತಾಯಿಸಲಿಲ್ಲ.

ನನ್ನ ಜೋಡಿ ದೇರಣ್ಣ. ಪುತ್ತೂರು–ಸುಳ್ಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮಾತು ಟಿಕೆಟಿನಷ್ಟೇ ಚಿಕ್ಕದು. ಮಕ್ಕಳಿಲ್ಲ, ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ ಯಮುನಕ್ಕ, ಇಬ್ಬರೇ. ಬಳಗದ ಬಿಲ್ಲು ಕಟ್ಟುವುದು, ಬೈಹುಲ್ಲು ಗೋಣಿಯಿಂದ ಟಾರ್ಗೆಟ್ ಮಾಡುವುದು ಎಲ್ಲ ಅವನದ್ದೇ ಕೆಲಸ. ಕಳೆದ ತಿಂಗಳು ಪುತ್ತೂರಿನ ಆಸ್ಪತ್ರೆಯಲ್ಲಿ ನಾನು ಅವನ ಮಂಚದ ಪಕ್ಕ ಕೂತಿದ್ದಾಗ ಅವನು ನನ್ನ ಕೈ ಹಿಡಿದು ಹೇಳಿದ.

"ನನ್ನ ಹೆದೆ ಇಳಿಸುವ ದಿನ ಬಾಣ ನೀನೇ ಬಿಡಬೇಕು ಮಾರಾಯ. ಬೇರೆಯವರಿಗೆ ಕೊಡ್ಬೇಡ. ಹಸನಾಕನಿಗೆ ಅಂತೂ ಕೊಡ್ಲೇಬೇಡ."

ಹೆದೆ ಎಂದರೆ ಬಿಲ್ಲಿನ ದಾರ. ನಮ್ಮಲ್ಲಿ ಸದಸ್ಯರೊಬ್ಬರು ತೀರಿಹೋದರೆ, ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದು ನೆಂಟರೆಲ್ಲ ಹೋದ ಮೇಲಿನ ಮೊದಲ ಭಾನುವಾರ, ಅವರ ಬಿಲ್ಲಿಗೆ ಕೊನೆಯ ಸಲ ಹೆದೆ ಏರಿಸುತ್ತೇವೆ. ಅವರ ಜೋಡಿ ಆ ಬಿಲ್ಲಿನಿಂದ ಒಂದೇ ಒಂದು ಬಾಣ ಬಿಟ್ಟು, ಅದನ್ನು ಹೆಕ್ಕಿ ತಂದ ಮೇಲೆ ಹೆದೆ ಇಳಿಸಿ, ಬಿಲ್ಲನ್ನೂ ಬಾಣವನ್ನೂ ಮನೆಯವರ ಕೈಗೆ ಕೊಡುವುದು. ಜೋಡಿಗೆ ಕೈ ಸರಿಯಿಲ್ಲದಿದ್ದರೆ ಬೇರೆಯವರು ಬಿಡಬಹುದು, ಸಾಮಾನ್ಯವಾಗಿ ಹಸನಾಕನೇ ಬಿಡುವುದು. ಹಸನಾಕ ಬಿಟ್ಟ ಬಾಣ ಇಪ್ಪತ್ತು ವರ್ಷಗಳಲ್ಲಿ ಗುರಿ ತಪ್ಪಿದ್ದಿಲ್ಲ. ಅಂಥವರನ್ನು ಬಿಟ್ಟು ದೇರಣ್ಣ ನನ್ನನ್ನು ಆರಿಸಿದ್ದ. ನನ್ನ ಕೈಯಲ್ಲಿ ಬಳಗದವರು ಯಾರೂ ಕಾಣದ್ದೇನನ್ನೋ ಅವನು ಕಂಡಿದ್ದಾನೆ ಎಂದು ನನಗೆ ಆಗಲೇ ಅನಿಸಿತು. ಕಂಡಿದ್ದ, ಸುಳ್ಳಲ್ಲ.

ಹನ್ನೊಂದು ದಿನದ ನಂತರ ದೇರಣ್ಣ ಹೋದ. ನನಗೆ ಅಳು ಬರಲಿಲ್ಲ. ಕೆಲಸವಿತ್ತು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಿತ್ತು. ಯಮುನಕ್ಕನ ಎದುರು, ಅವಳ ಗಂಡನ ಬಿಲ್ಲಿನಿಂದ, ಒಂದು ಬಾಣ. ಒಂದೇ ಒಂದು. ಇಷ್ಟೂ ಸರಿಯಾಗಿ ಮಾಡಲಾಗದಿದ್ದರೆ ನಲ್ವತ್ತು ವರ್ಷದ ಸ್ನೇಹಕ್ಕೆ ಏನು ಬೆಲೆ?

ಬೊಜ್ಜದ ಮರುದಿನ, ಬುಧವಾರ, ಬೆಳಿಗ್ಗೆ ನಾನು ಮನೆಯ ಹಿಂದಿನ ಅಂಗಳದಲ್ಲಿ ಬಿಲ್ಲು ಹಿಡಿದು ನಿಂತೆ. ಹೆಂಡತಿ ಸರೋಜ ಅಡುಗೆಮನೆಯ ಕಿಟಕಿಯಿಂದ ನೋಡಿದಳು.

"ಎಂತ ಮಾಡುದು ನೀವು?"

"ಅಭ್ಯಾಸ."

"ಬಟ್ಟೆ ಒಣಗ್ಲಿಕ್ಕೆ ಹಾಕಿದ್ದೇನೆ. ತೆಗೀಬೇಕಾ?"

"ಬೇಡ. ನಾನು ಹೊಡೆಯುದು ಹಲಸಿನ ಮರಕ್ಕೆ. ಬಟ್ಟೆ ಇರುದು ಬೇರೆ ದಿಕ್ಕಿನಲ್ಲಿ."

ಬಟ್ಟೆಗೆ ಏನೂ ಆಗಲಿಲ್ಲ. ಹಲಸಿನ ಮರಕ್ಕೂ ಏನೂ ಆಗಲಿಲ್ಲ. ಬಾಣ ಬಚ್ಚಲಿನ ಮೇಲಿದ್ದ ಪ್ಲಾಸ್ಟಿಕ್ ಟ್ಯಾಂಕಿಗೆ ಹೊಕ್ಕಿತ್ತು. ನೀರು ಎರಡು ನಿಮಿಷ ಬಹಳ ಚೆನ್ನಾಗಿ, ಒಂದೇ ಧಾರೆಯಾಗಿ ಸರೋಜಳ ತುಳಸಿಕಟ್ಟೆಯ ಮೇಲೆ ಬಿತ್ತು.

"ಟ್ಯಾಂಕಿ ಯಾವ ದಿಕ್ಕಿನಲ್ಲಿ ಉಂಟು ಅಂತ ಕೇಳ್ಬಹುದಾ?" ಎಂದಳು ಸರೋಜ.

ಟ್ಯಾಂಕಿ ಸರಿಮಾಡುವವನಿಗೆ ಭಾನುವಾರವೇ ಬಿಡುವಂತೆ. ಅಷ್ಟು ದಿನ ಬಾವಿಯಿಂದ ಕೊಡಪಾನದಲ್ಲಿ ನೀರು. ಅಭ್ಯಾಸವನ್ನು ಸದ್ಯಕ್ಕೆ ಮುಂದೂಡಲಾಯಿತು.

ಆಮೇಲೆ ಆಮಂತ್ರಣ ಪತ್ರ. ಈ ವಿಷಯದಲ್ಲಾದರೂ ನನ್ನ ಕೈ ನಂಬಿಕಸ್ಥ. 'ದಿವಂಗತ ದೇರಣ್ಣನವರ ಹೆದೆ ಇಳಿಸುವ ಕಾರ್ಯಕ್ರಮವನ್ನು ಈ ಕೆಳಗೆ ಕಾಣಿಸಿದ ಸ್ಥಳ ಹಾಗೂ ಸಮಯದಲ್ಲಿ ಹಮ್ಮಿಕೊಳ್ಳಲಾಗಿದ್ದು' ಎಂದು ಶುರುಮಾಡಿ ಒಂದು ಪುಟ ಬರೆದು ಪ್ರೆಸ್ಸಿಗೆ ಕೊಟ್ಟೆ. ಅಲ್ಲಿ ಟೈಪ್ ಮಾಡಿದ ಹುಡುಗಿಗೆ ಹೆದೆ ಎಂಬ ಶಬ್ದ ಗೊತ್ತಿರಲಿಲ್ಲ. ರೈಟ್ರು ತಪ್ಪು ಬರೆದಿದ್ದಾರೆ ಎಂದು ಪಾಪ ಅವಳೇ ತಿದ್ದಿದಳು. ನಾನು ಪ್ರೂಫನ್ನು ಮೊಬೈಲಿನಲ್ಲಿ, ಕನ್ನಡಕವಿಲ್ಲದೆ, ಹೆಬ್ಬೆರಳು ತೋರಿಸಿ ಒಪ್ಪಿದೆ. 'ದೇರಣ್ಣನವರ ಎದೆ ಇಳಿಸುವ ಕಾರ್ಯಕ್ರಮ' ಎಂದು ಅಚ್ಚಾಗಿ, ಮುನ್ನೂರು ಮನೆಗಳಿಗೆ ಹೋಯಿತು.

ಅಂದು ಸಂಜೆಯಿಂದ ಫೋನು. ಎದೆ ಇಳಿಸುವುದು ಅಂದರೆ ಎಂತ ಎಂದು ಕೆಲವರು. ಡಾಕ್ಟರು ಎಲ್ಲಿಂದ ಬರ್ತಾರೆ ಎಂದು ಕೆಲವರು. ಕಡಬದಿಂದ ಒಬ್ಬ ಹೆಂಗಸು, ನನ್ನ ಅತ್ತೆಗೆ ಎದೆ ಬಡಿತ ಜಾಸ್ತಿ, ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬರ್ಬೇಕಾ ಎಂದು ಕೇಳಿದರು. ಊಟ ಮಾಡಿಕೊಂಡು ಬನ್ನಿ ಎಂದೆ. ಬೇರೆ ಏನು ಹೇಳುವುದು?

ಇಷ್ಟಾದ ಮೇಲೆ ನನಗೆ ಕನ್ನಡದ ಬಗ್ಗೆ ಒಂದು ಹಠ ಬಂತು. ಹೆದೆಯಂಥ ಒಳ್ಳೆಯ ಶಬ್ದ ಜನರ ಬಾಯಲ್ಲಿ ಇಲ್ಲದೆ ಹೋಯಿತಲ್ಲ! ನಾವೇ ಟಾರ್ಗೆಟ್, ಪಾಯಿಂಟ್, ರೌಂಡ್ ಎಂದು ಹೇಳಿಕೊಂಡು ತಿರುಗಿದರೆ ಹೀಗೇ ಆಗುವುದು. ದೇರಣ್ಣನ ಕಾರ್ಯಕ್ರಮದಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದ ಬಳಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದೆ. ಆ ಪ್ರತಿಜ್ಞೆಯ ಬಿಸಿಯಲ್ಲೇ ಬಾಬುವಿಗೆ ಫೋನ್ ಮಾಡಿದೆ.

ಬಾಬು ನಮ್ಮೂರಿನಲ್ಲಿ ಮಣ್ಣಿನ ಕೆಲಸ ಮಾಡುವವನು, ಐವತ್ತರ ಹತ್ತಿರದ ಗಟ್ಟಿ ಆಳು. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುವವನು, ಅದೇ ಅವನ ಗುಣ. ಟಾರ್ಗೆಟ್ ಮಾಡುತ್ತಿದ್ದ ದೇರಣ್ಣನೇ ಇಲ್ಲವಾದ್ದರಿಂದ ಈ ಸಲ ಬಾಬುವಿಗೆ ಹೇಳುವುದೆಂದು ತೀರ್ಮಾನವಾಗಿತ್ತು. ಅವನು ಈ ಮೊದಲು ನಮ್ಮ ಮೈದಾನಕ್ಕೆ ಬಂದವನಲ್ಲ. ನಾವಿಬ್ಬರೂ ಯಾವಾಗಲೂ ತುಳುವಿನಲ್ಲೇ ಮಾತಾಡುವುದು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಬಾಬು, ಎರಡು ಗುರಿ ಬೇಕಲ್ಲ."

"ಎಲ್ಲಿಗೆ ರೈಟ್ರೆ?"

"ನಮ್ಮ ಮೈದಾನದಲ್ಲಿ, ತೋಡಿನ ಬದಿಗೆ. ಎರಡೂ ಹತ್ತಿರ ಹತ್ತಿರ ಇರಲಿ. ದೇರಣ್ಣನ ಕಾರ್ಯಕ್ಕೆ."

ಯಾವ ಕಾರ್ಯ ಎಂದು ಬಾಬು ಕೇಳಲಿಲ್ಲ. ಅವನಿಗೂ ದೇರಣ್ಣನೆಂದರೆ ಪ್ರೀತಿ.

"ಎಷ್ಟು ದೊಡ್ಡದು ಬೇಕು?"

"ಒಬ್ಬ ಮನುಷ್ಯ ನಿಂತರೆ ಮುಚ್ಚಿ ಹೋಗ್ಬೇಕು, ಅಷ್ಟು. ಒಳಗೆ ಬೈಹುಲ್ಲು ಹಾಕು. ಕಂಜೂಸ್ ಮಾಡ್ಬೇಡ."

"ಬೈಹುಲ್ಲು?"

"ಬೈಹುಲ್ಲು ಇಲ್ಲದೆ ಹೇಗೆ?"

"ಆಯ್ತು. ಎರಡು ಎಂತಕ್ಕೆ ರೈಟ್ರೆ?"

"ಒಂದು ದೇರಣ್ಣನಿಗೆ. ಒಂದು ನನಗೆ."

ನನ್ನದು ಅಭ್ಯಾಸಕ್ಕೆ, ಮನೆಯಲ್ಲಿ ಟ್ಯಾಂಕಿಯ ತೊಂದರೆ ಉಂಟು ಎಂದು ನಾನು ಹೇಳಲಿಲ್ಲ. ಕಾರ್ಯದರ್ಶಿಯಾದವನು ಎಲ್ಲವನ್ನೂ ಎಲ್ಲರಿಗೂ ಹೇಳಬಾರದು. "ಸರಿ ರೈಟ್ರೆ. ನೀವು ಜಾಗ್ರತೆ ಮಾಡಿ," ಎಂದು ಅವನು ಫೋನಿಟ್ಟ. ಎಷ್ಟು ಕಾಳಜಿಯ ಮನುಷ್ಯ ಎಂದುಕೊಂಡೆ.

ಶನಿವಾರ ಅವನೇ ಫೋನ್ ಮಾಡಿದ. "ಒಂದು ಆಯ್ತು ರೈಟ್ರೆ. ಇನ್ನೊಂದಕ್ಕೆ ಅಡಿಯಲ್ಲಿ ಕಲ್ಲು ಉಂಟು."

ಅಡಿಯಲ್ಲಿ ಕಲ್ಲಿಟ್ಟು ಭದ್ರ ಮಾಡುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು. "ಒಳ್ಳೆದಾಯ್ತು ಬಿಡು. ಗಾಳಿ ಬಂದ್ರೂ ಬೀಳುದಿಲ್ಲ," ಎಂದೆ. ಅಭ್ಯಾಸಕ್ಕೆ ಹೋಗೋಣವೆಂದರೆ ಕಚೇರಿಯಲ್ಲಿ ಒಂದು ಪಾಲುಪಟ್ಟಿಯ ಜಗಳ ಮುಗಿಯಲಿಲ್ಲ. ಇರಲಿ, ದೇರಣ್ಣ ನೋಡಿ ಆರಿಸಿದ ಕೈ ಇದು, ಅಭ್ಯಾಸದ ಹಂಗು ಯಾಕೆ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಮೂರೂವರೆಗೆ ಮೈದಾನದಲ್ಲಿ ಅರುವತ್ತಕ್ಕೂ ಹೆಚ್ಚು ಜನ. ಸರೋಜ ಟ್ಯಾಂಕಿಯವನನ್ನು ಕಾಯುತ್ತ ಮನೆಯಲ್ಲೇ ಉಳಿದಳು. ಬಿ.ಪಿ. ರಿಪೋರ್ಟು ಹಿಡಿದುಕೊಂಡ ನಾಲ್ಕೈದು ಮುದುಕಿಯರೂ ಬಂದಿದ್ದರು. ಮೋಡ ಕಟ್ಟಿತ್ತು. ಯಮುನಕ್ಕ ಬಿಳಿ ಸೀರೆಯುಟ್ಟು, ದೇರಣ್ಣನ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಬೊಜ್ಜದ ದಿನ ತುಂಬಿದ್ದ ಮನೆ ಬುಧವಾರದಿಂದ ಖಾಲಿ. ಅಂದಿನಿಂದ ಅವಳು ಯಾರೊಡನೆಯೂ ಮಾತಾಡಿದ್ದಿಲ್ಲ ಎಂದು ಪಕ್ಕದ ಮನೆಯವರು ಹೇಳಿದ್ದರು.

ಅಷ್ಟರಲ್ಲಿ ತೋಡಿನ ಕಡೆಗೆ ಹೋಗಿದ್ದ ಹಸನಾಕ ವೇಗವಾಗಿ ನಡೆದು ಬಂದರು. ಅವರು ವೇಗವಾಗಿ ನಡೆದದ್ದನ್ನು ನಾನು ಮೊದಲು ನೋಡಿರಲಿಲ್ಲ.

"ರೈಟ್ರೆ, ಅಲ್ಲಿ ಎಂತ ಮಾರಾಯ್ರೆ ಅದು?"

"ಗುರಿ."

"ಗುರಿಯೇ. ಎಂತಕ್ಕೆ?"

ನಾನು ಹೋಗಿ ನೋಡಿದೆ. ಮೈದಾನದ ತುದಿಯಲ್ಲಿ, ಒಂದರ ಪಕ್ಕ ಒಂದು, ಆರಡಿ ಆಳದ ಎರಡು ಗುಂಡಿಗಳು. ಬದಿಗಳನ್ನು ಗೋಡೆಯ ಹಾಗೆ ನಯವಾಗಿ ಕೆತ್ತಲಾಗಿತ್ತು. ಅಡಿಯಲ್ಲಿ ದಪ್ಪಕ್ಕೆ ಬೈಹುಲ್ಲು ಹಾಸಿತ್ತು. ಎರಡು ಕೆಂಪು ಮಣ್ಣಿನ ರಾಶಿಗಳ ನಡುವೆ ಬಾಬು ಹಾರೆ ಊರಿ, ತಲೆಯ ಮುಂಡಾಸು ತೆಗೆದು, ತಲೆ ತಗ್ಗಿಸಿ ನಿಂತಿದ್ದ.

ಹುಟ್ಟಿದಾಗಿನಿಂದ ತುಳು ಮಾತಾಡುವ ನನಗೆ ತುಳುವಿನಲ್ಲಿ ಗುರಿ ಎಂದರೆ ಗುಂಡಿ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಡಿಕೆ ಸಸಿಗೆ ಗುರಿ ತೋಡು ಎಂದು ಇದೇ ಬಾಬುವಿಗೆ ನೂರು ಸಲ ಹೇಳಿದವನು ನಾನು. ಟಾರ್ಗೆಟ್ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಇಂಗ್ಲಿಷನ್ನು ಓಡಿಸಿ ಆ ಜಾಗದಲ್ಲಿ ಕನ್ನಡವನ್ನು ಕೂರಿಸಿದೆ. ಆದರೆ ಕೂರಿಸಿದ್ದು ತುಳು ಮಾತಿನ ನಡುವೆ ಎಂಬುದು ಮರೆತುಹೋಯಿತು.

"ದೇರಣ್ಣನನ್ನು ಸುಟ್ಟಾಗಿದೆ ಅಲ್ವಾ, ಗುರಿ ಎಂತಕ್ಕೆ ಅಂತ ನನಗೂ ಅನಿಸಿತು," ಎಂದ ಬಾಬು ಮೆಲ್ಲಗೆ. "ನಿಮ್ಮ ಬಳಗದ ಕ್ರಮ ಏನೋ, ಕೇಳಬಾರದು ಅಂತ ಸುಮ್ಮನಾದೆ. ಭಾವನನ್ನೂ ಕರ್ಕೊಂಡು ಬಂದೆ. ಮೂರು ದಿನ ಮೀನು ಮುಟ್ಟಲಿಲ್ಲ ರೈಟ್ರೆ."

"ಎರಡನೆಯದ್ದು ನನಗೆ ಅಂದಾಗ ನಿನಗೆ ಏನೂ ಅನಿಸಲಿಲ್ವಾ?"

"ನಿಮಗೂ ದೊಡ್ಡ ಕಾಯಿಲೆ ಏನೋ ಉಂಟು, ಹೇಳ್ತಾ ಇಲ್ಲ ಅಂತ ಮಾಡಿದೆ. ನನ್ನ ಹೆಂಡತಿ ಎರಡು ದಿನ ಅತ್ತಿದ್ದಾಳೆ."

ಹಿಂದೆ ತಿರುಗಿ ನೋಡಿದರೆ ಅರುವತ್ತು ಜನರೂ ಬಂದು ನಿಂತಿದ್ದಾರೆ. ಎಲ್ಲರ ಮುಂದೆ ಯಮುನಕ್ಕ. ಅವಳು ಎರಡು ಗುಂಡಿಗಳನ್ನೂ ನೋಡಿದಳು, ನನ್ನನ್ನೂ ನೋಡಿದಳು. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಬದುಕುತ್ತಿದ್ದೆ. ಬಿ.ಪಿ. ರಿಪೋರ್ಟಿನ ಮುದುಕಿಯರಲ್ಲಿ ಒಬ್ಬರು ರಿಪೋರ್ಟನ್ನು ಸೆರಗಿನೊಳಗೆ ಮುಚ್ಚಿ ಬೇಗಬೇಗ ರಸ್ತೆಯ ಕಡೆಗೆ ನಡೆದರು.

ಹಸನಾಕ ನಾಲ್ಕು ತಲೆಮಾರಿನ ವ್ಯಾಪಾರಿ ಕುಟುಂಬದವರು, ಎಂಥ ಪರಿಸ್ಥಿತಿಯಲ್ಲೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಆಗಿದ್ದು ಆಯ್ತು. ಒಂದು ಬಾಳೆದಿಂಡು ಕಡಿದು ತನ್ನಿ. ಅಜ್ಜಂದಿರು ಹೊಡೆದದ್ದೂ ಅದಕ್ಕೇ ಅಲ್ವಾ," ಎಂದರು. ದಿಂಡು ಬಂತು. ಊರಲು ಮೆದು ಮಣ್ಣಿದ್ದದ್ದು ಅಲ್ಲೇ ಎಂದು ಎರಡು ಗುಂಡಿಗಳ ನಡುವೆಯೇ ನಿಲ್ಲಿಸಿದರು. ಆಮೇಲೆ ಹಸನಾಕ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ರೈಟ್ರೆ, ಬೇಸರ ಮಾಡ್ಬೇಡಿ. ನಾನು ಬಿಡ್ಲಾ?" ಎಂದು ಕೇಳಿದರು.

"ಇಲ್ಲ. ದೇರಣ್ಣ ನನಗೇ ಹೇಳಿದ್ದು," ಎಂದೆ.

ಚಪ್ಪಲಿ ಕಳಚಿದೆ. ಯಮುನಕ್ಕ ಬಿಲ್ಲನ್ನು ನನ್ನ ಕೈಗೆ ಕೊಟ್ಟಳು. ಹಿಡಿಯ ಬೆತ್ತದ ಸುತ್ತು ದೇರಣ್ಣನ ಬೆರಳಿನ ಅಳತೆಗೆ ಸವೆದಿತ್ತು, ನನ್ನ ಬೆರಳಿಗೆ ಕೂಡಲಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ಬಾಳೆದಿಂಡು. ದೇವರೇ, ಇದೊಂದು ತಾಗಲಿ, ಇನ್ನು ಜನ್ಮದಲ್ಲಿ ಬಿಲ್ಲು ಮುಟ್ಟುವುದಿಲ್ಲ ಎಂದು ಬೇಡಿಕೊಂಡು ಹೆದೆ ಎಳೆದೆ, ಕಣ್ಣು ಮುಚ್ಚಿದೆ, ಬಿಟ್ಟೆ.

ಕಣ್ಣು ತೆರೆದಾಗ ದಿಂಡು ಹಾಗೆಯೇ ನಿಂತಿತ್ತು. ಬಾಣ ಅದರ ಹತ್ತಿರದವರೆಗೆ ಹೋಗಿ, ಸುಸ್ತಾದ ಹಾಗೆ ತಲೆ ಬಾಗಿಸಿ, ಎಡಗಡೆಯ ಗುಂಡಿಯೊಳಗೆ ಇಳಿದಿತ್ತು. ಬಾಬು ಇಣುಕಿ ನೋಡಿ, ನನಗೆ ಸಮಾಧಾನವಾಗಲಿ ಎಂದು ಗಟ್ಟಿಯಾಗಿ ಹೇಳಿದ.

"ಗುರಿಗೇ ಬಿದ್ದಿದೆ ರೈಟ್ರೆ. ನಿಮ್ಮದಕ್ಕೇ."

ಬಾಣವನ್ನು ಜೋಡಿಯೇ ಹೆಕ್ಕಬೇಕು. ಮಂಡಿನೋವಿನ ಮನುಷ್ಯ ಆರಡಿ ಗುಂಡಿಗೆ ಇಳಿಯುವುದು ಅಷ್ಟೇನೂ ಕಷ್ಟವಲ್ಲ; ಅಂಚಿನಲ್ಲಿ ಕೂತೆ, ಜಾರಿದೆ, ಬೈಹುಲ್ಲಿನ ಮೇಲೆ ಕುಂಡೆಯೂರಿ ಬಿದ್ದೆ. ಬೈಹುಲ್ಲಿನಲ್ಲಿ ಬಾಬು ನಿಜವಾಗಿಯೂ ಕಂಜೂಸ್ ಮಾಡಿರಲಿಲ್ಲ. ಬಾಣ ಕಣ್ಣೆದುರೇ ನೆಟ್ಟಗೆ ನಿಂತಿತ್ತು. ಹುಡುಕುವ ಪ್ರಶ್ನೆಯೇ ಇಲ್ಲ. ಕಿತ್ತು ಮೇಲಕ್ಕೆ ಕೊಟ್ಟೆ.

ಆಮೇಲೆ ಹತ್ತಲು ನೋಡಿದೆ. ಒಬ್ಬ ಮನುಷ್ಯ ನಿಂತರೆ ಮುಚ್ಚಿ ಹೋಗಬೇಕು ಎಂದು ನಾನೇ ಹೇಳಿದ್ದೆ. ನಯವಾಗಿ ಕೆತ್ತಿದ ಗೋಡೆಯಲ್ಲಿ ಕಾಲಿಡಲು ಒಂದು ತೂತೂ ಇರಲಿಲ್ಲ. ಇಬ್ಬರು ಕೈ ಹಿಡಿದು ಎಳೆದರು, ನನ್ನ ಭುಜ ಕಟಕ್ ಎಂದಿತು, ಬಿಟ್ಟರು. "ಮನೆಯಿಂದ ಏಣಿ ತರ್ತೇನೆ," ಎಂದು ಬಾಬು ಸೈಕಲ್ ಹತ್ತಿದ.

ಅಷ್ಟರಲ್ಲಿ ಒಂದೆರಡು ಹನಿ ಬಿತ್ತು. ಹಸನಾಕ ನನ್ನ ಪರವಾಗಿ ಹೆದೆ ಇಳಿಸಿ, ಬಿಲ್ಲು ಬಾಣಗಳನ್ನು ಯಮುನಕ್ಕನ ಕೈಗೆ ಕೊಟ್ಟರು. ನಾನು ಕೆಳಗಿನಿಂದ ಆಕಾಶದ ಒಂದು ತುಂಡನ್ನು ಮಾತ್ರ ಕಾಣುತ್ತ ಅದನ್ನೆಲ್ಲ ಕೇಳಿಸಿಕೊಂಡೆ. ಬಾಣ ಸಿಕ್ಕಿದೆ, ಬಿಲ್ಲು ಕೊಟ್ಟಾಗಿದೆ, ಕ್ರಮ ಮುಗಿದಿದೆ. ಉಪ್ಪಿನಂಗಡಿಯಲ್ಲಿ ಯಾರದೋ ಮದುವೆಯ ಔತಣಕೂಟ ಬೇರೆ ಇತ್ತು. ಬೈಕುಗಳು ಒಂದೊಂದಾಗಿ ಸ್ಟಾರ್ಟ್ ಆದವು. "ರೈಟ್ರೆ, ಬಾಬು ಬರ್ತಾನೆ, ಹೆದರ್ಬೇಡಿ," ಎಂದು ಯಾರೋ ಕೂಗಿ ಹೇಳಿದರು. ಹಸನಾಕ, "ನಮಾಜು ಮುಗಿಸಿ ಕಾರು ತರ್ತೇನೆ, ಯಮುನಕ್ಕನನ್ನು ಮನೆಗೆ ಬಿಡ್ತೇನೆ," ಎಂದು ಹೋದರು. ಗಂಟೆ ನಾಲ್ಕೂಕಾಲೂ ಆಗಿರಲಿಲ್ಲ.

ಎಲ್ಲ ಶಬ್ದ ನಿಂತ ನಂತರ ಮೇಲೆ ಯಾರೋ ಮಣ್ಣಿನ ರಾಶಿಯ ಮೇಲೆ ಕೂತದ್ದು ಕೇಳಿಸಿತು. ಸ್ವಲ್ಪ ಮಣ್ಣು ಉದುರಿ ನನ್ನ ತಲೆಯ ಮೇಲೆ ಬಿತ್ತು.

"ಏಣಿ ಬರುವವರೆಗೆ ನಾನು ಇರ್ತೇನೆ ರೈಟ್ರೆ," ಎಂದಳು ಯಮುನಕ್ಕ.

"ತಪ್ಪಾಯ್ತು ಯಮುನಕ್ಕ. ಅವನು ನನ್ನ ಮೇಲೆ ನಂಬಿಕೆ ಇಟ್ಟು ಹೇಳಿದ್ದ. ನಾನು ತಪ್ಪಿಸಿಬಿಟ್ಟೆ."

ಅವಳು ಬಿಲ್ಲನ್ನು ಪಕ್ಕಕ್ಕೆ ಇಟ್ಟ ಸದ್ದಾಯಿತು.

"ಬಾಣ ರೈಟ್ರಿಗೆ ಬಿಡ್ಲಿಕ್ಕೆ ಹೇಳಿದ್ದೇನೆ ಅಂತ ಆಸ್ಪತ್ರೆಯಲ್ಲಿ ಅವರು ನನಗೂ ಹೇಳಿದ್ರು," ಎಂದಳು. "ಅಯ್ಯೋ, ಅವರಿಗೆ ಬಿಡ್ಲಿಕ್ಕೆ ಬರುದಿಲ್ಲ ಅಲ್ವಾ ಅಂತ ನಾನು ಕೇಳಿದೆ. ಅದಕ್ಕೇ ಅಂದ್ರು."

"ಅದಕ್ಕೇ ಅಂದ್ರೆ?"

"ಹಸನಾಕ ಬಿಟ್ರೆ ಐದು ನಿಮಿಷದಲ್ಲಿ ಮುಗೀತದೆ, ಎಲ್ಲರೂ ಮನೆಗೆ ಹೋಗ್ತಾರೆ. ರೈಟ್ರು ಬಿಟ್ರೆ ಬಾಣ ಎಲ್ಲಿಗೋ ಹೋಗ್ತದೆ, ಹುಡುಕಿ ಸಿಗುವಾಗ ಕತ್ತಲೆ ಆಗ್ತದೆ. ಅಷ್ಟು ಹೊತ್ತು ಊರೆಲ್ಲ ನಿನ್ನ ಸುತ್ತ ಇರ್ತದೆ. ನೆಂಟರೆಲ್ಲ ಹೋದ ಮೇಲಿನ ಮೊದಲ ಭಾನುವಾರ, ಒಂದು ಸಂಜೆಯಾದ್ರೂ ನೀನು ಒಬ್ಬಳೇ ಇರುದು ಬೇಡ ಅಂತ ಹೇಳಿದ್ರು."

ನಾನು ಗುಂಡಿಯ ಗೋಡೆಗೆ ಮುಖ ಮಾಡಿ ನಿಂತೆ. ಇಷ್ಟು ದಿನ ಬಾರದ ಅಳು ಆಗ ಬಂತು. ದೇರಣ್ಣ ಇಲ್ಲ ಎಂಬುದು ನನಗೆ ಗೊತ್ತಾದದ್ದು ಆಗ. ಮೇಲಿನಿಂದಲೂ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು.

"ಅಳುದಾದ್ರೆ ಅಳಿ," ಎಂದಳು ಅವಳು. "ನಾನು ಬಗ್ಗಿ ನೋಡುದಿಲ್ಲ."

ಬಾಣ ಗುಂಡಿಗೆ ಬೀಳದೆ ತೋಡಿಗೋ ರಬ್ಬರ್ ಮರಗಳ ನಡುವೆಯೋ ಹೋಗಿದ್ದರೆ ಈಗ ಅರುವತ್ತು ಜನ ಹುಲ್ಲು ಸರಿಸುತ್ತ, ನನ್ನನ್ನು ಬೈಯುತ್ತ, ಇದೇ ಮೈದಾನದಲ್ಲಿ ಇರುತ್ತಿದ್ದರು. ಯಾರೋ ಚಾ ತರಿಸುತ್ತಿದ್ದರು. ಯಾರೋ ದೇರಣ್ಣನ ಬಸ್ಸಿನ ಕಥೆ ತೆಗೆಯುತ್ತಿದ್ದರು. ಬಿಲ್ಲು ಹಿಡಿದಾಗಲೆಲ್ಲ ಎಲ್ಲೆಲ್ಲಿಗೋ ಹೋಗುತ್ತಿದ್ದ ನನ್ನ ಬಾಣ, ಹೋಗಲೇಬೇಕಾಗಿದ್ದ ಒಂದು ದಿನ ಹೋಗಲಿಲ್ಲ.

ಹತ್ತು ನಿಮಿಷದಲ್ಲಿ ಬಾಬು ಏಣಿ ತಂದ. ಅದರ ಹಿಂದೆಯೇ ಹಸನಾಕನ ಕಾರು ಬಂತು, ಯಮುನಕ್ಕ ಬಿಲ್ಲು ಹಿಡಿದುಕೊಂಡು ಹತ್ತಿ ಕೂತಳು. ಹೊರಗೆ ಇನ್ನೂ ಒಳ್ಳೆಯ ಬೆಳಕಿತ್ತು. ದೇರಣ್ಣ ನನ್ನಿಂದ ಬಯಸಿದ್ದು ಅವಳಿಗೊಂದು ಸಂಜೆ. ನಾನು ಕೊಟ್ಟದ್ದು ಹತ್ತು ನಿಮಿಷ, ಅದೂ ಗುಂಡಿ ಹತ್ತಲಿಕ್ಕೆ ಆಗದ ಕಾರಣಕ್ಕೆ.